ಗೂಡುದೀಪಕ್ಕೆ ಸ್ಟೇಪ್ಲರ್ ಬೇಡ, ಮೈದಾ ಅಂಟು ಸಾಕು

ದೀಪಾವಳಿಗೆ ತೂಗುಹಾಕುವ ಗೂಡುದೀಪವನ್ನು (ಆಕಾಶಬುಟ್ಟಿ) ಮಕ್ಕಳ ಜೊತೆ ಮನೆಯಲ್ಲೇ ಮಾಡಿ ಅಂತ ನೀವು ಬರೆದದ್ದು ತುಂಬಾ ಖುಷಿ ಕೊಟ್ಟಿತು. ಆದರೆ ದಪ್ಪ ಚಾರ್ಟ್ ಪೇಪರ್ ಮತ್ತು ಸ್ಟೇಪ್ಲರ್ ಸಾಕು ಅಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ದಪ್ಪ ಕಾಗದದಲ್ಲಿ ಬೆಳಕು ಹೊರಗೆ ಬರುವುದೇ ಕಡಿಮೆ.

ಉಡುಪಿಯ ನಮ್ಮ ಮನೆಯಲ್ಲಿ ಈಗಲೂ ಬಿದಿರ ಕಡ್ಡಿಯದ್ದೇ. ಒಂದೇ ಅಳತೆಯ 24 ಕಡ್ಡಿ ಬೇಕು. 6 ಚೌಕ ಕಟ್ಟಿ, ಮೂಲೆಗೆ ಮೂಲೆ ಸೇರಿಸಿ ನೂಲಿನಿಂದ ಬಿಗಿಯಿರಿ. ನಡುವೆ 8 ತ್ರಿಕೋನ ತಾನಾಗಿಯೇ ಬರುತ್ತದೆ! ನನ್ನ ಮಗಳು ಅದನ್ನು ಬೆರಳಿಟ್ಟು ಎಣಿಸಿ, ಮತ್ತೊಮ್ಮೆ ಎಣಿಸಿದಳು. ಚೌಕಕ್ಕೆ ಒಂದು ಬಣ್ಣ, ತ್ರಿಕೋನಕ್ಕೆ ಇನ್ನೊಂದು. ತೆಳು ಕಾಗದವೇ ಆಗಬೇಕು.

ಅಂಟಿಗೆ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಸಿ. ಬಿಳಿ ಹೋಗಿ ಸ್ವಲ್ಪ ಪಾರದರ್ಶಕ ಆದಾಗ ಇಳಿಸಿ. ತೆಳ್ಳಗೆ ಹಚ್ಚಿ, ಜಾಸ್ತಿ ಆದರೆ ಕಾಗದ ನೆನೆದು ಹರಿಯುತ್ತದೆ. ಒಣಗಿದ ಮೇಲೆ ಕಾಗದ ಎಷ್ಟು ಬಿಗಿ ಅಂದರೆ, ಬೆರಳಲ್ಲಿ ತಟ್ಟಿದರೆ ಸಣ್ಣ ಡೋಲಿನ ಹಾಗೆ ಶಬ್ದ ಬರುತ್ತದೆ.

ಮೇಲಿನ ಚೌಕ ತೆರೆದೇ ಇರಲಿ, ಬಲ್ಬ್ ಇಳಿಸಲು ಬೇಕಲ್ವಾ? ಎಲ್‌ಇಡಿಯೇ ಹಾಕಿ, ಬಿಸಿ ಕಡಿಮೆ. ದೀಪಾವಳಿ ಹೊತ್ತಿಗೆ ನಮ್ಮಲ್ಲಿ ಸಂಜೆ ಮಳೆ ಬರುವುದುಂಟು, ಹಾಗಾಗಿ ಅಂಗಳದ ಬದಲು ಚಾವಡಿಯ ಮಾಡಿನ ಅಡಿಯಲ್ಲಿ ತೂಗುಹಾಕಿ.

ಮಂಗಳೂರಿನವರಾದರೆ ಕುದ್ರೋಳಿ ದೇವಸ್ಥಾನದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಸುಮ್ನೆ ನೋಡಲಿಕ್ಕಾದರೂ.