ಉಲ್ಟಾ ಷಟ್ಪದಿ

ಊಟಕ್ಕೆ ಕೂತು ಎಡಗೈ ಬೆರಳಿನ ಗೆಣ್ಣು ಎಣಿಸ್ತಾ ಇದ್ದೆ, ನಾಲ್ಕು ನಾಲ್ಕು ಮೂರು, ನಾಲ್ಕು ನಾಲ್ಕು ಮೂರು ಅಂತ. 'ಏನ್ರೀ ಅದು, ಹಾಲಿನ ಲೆಕ್ಕಾನಾ?' ಅಂದ್ಳು ಹೆಂಡ್ತಿ. ಪಾಲ್ ವರ್ಲೇನ್ ಅನ್ನೋ ಫ್ರೆಂಚ್ ಕವಿ 1866ರಲ್ಲಿ ಅಚ್ಚು ಹಾಕ್ಸಿದ 'ಶರತ್ಕಾಲದ ಹಾಡು' ಅಂತ ಹೇಳೋಕೆ ಹೋದ್ರೆ ಸಾರು ಬರೋದು ಲೇಟಾಗತ್ತೆ, ಹೂಂ ಅಂದ್ಬಿಟ್ಟೆ.

ಪುಟಾಣಿ ಪದ್ಯ, 18 ಸಾಲು. 1944ರ ಜೂನ್‌ನಲ್ಲಿ, ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಗೆ ಮುಂಚೆ, ಲಂಡನ್ ರೇಡಿಯೋದವ್ರು ಇದ್ರದ್ದೇ ಸಾಲು ಸಂಕೇತ ಮಾಡ್ಕೊಂಡು ಫ್ರಾನ್ಸಿನ ಭೂಗತ ಹೋರಾಟಗಾರರಿಗೆ ಸುದ್ದಿ ಮುಟ್ಟಿಸಿದ್ರು, ಆ ಕಥೆ ಎಲ್ರೂ ಹೇಳ್ತಾರೆ, ಸಾಲಿನ ಸಿಲಬಲ್, ಅಂದ್ರೆ ಉಚ್ಚಾರದ ತುಂಡು, ಮಾತ್ರ ಯಾರೂ ಎಣಿಸಲ್ಲ.

ಮೂರು ನುಡಿ, ಒಂದೊಂದ್ರಲ್ಲೂ ಆರು ಸಾಲು. ನಮ್ಮ ಷಟ್ಪದೀನೂ ಆರೇ, ಆದ್ರೆ ಭಾಮಿನೀಲಿ ಮಿಕ್ಕ ಸಾಲಿಗೆ 14 ಮಾತ್ರೆ ಇದ್ರೆ ಮೂರನೇದಕ್ಕೂ ಆರನೇದಕ್ಕೂ 23, ಓದೋನು ಉಸಿರೆಳೆದು ಉದ್ದಕ್ಕೆ ಹೋಗಿ ಕೊನೇ ಗುರುವಿನ ಮೇಲೆ ಆರಾಮಾಗಿ ಕೂರ್ತಾನೆ. ವರ್ಲೇನ್‌ನಲ್ಲಿ ಅವೇ ಎರಡು ಸಾಲು ಗಿಡ್ಡ, ಮಿಕ್ಕವಕ್ಕೆ ನಾಲ್ಕು ಸಿಲಬಲ್, ಇವಕ್ಕೆ ಮೂರೇ. ಕತ್ತಲಲ್ಲಿ ಇನ್ನೊಂದು ಮೆಟ್ಲಿದೆ ಅಂತ ಕಾಲಿಟ್ರೆ ನೆಲ ಸಿಕ್ಕಂಗೆ, ಪ್ರತಿ ಸಲ ಮುಗ್ಗರಿಸೋದೇ. ದುಃಖದ ಪದ್ಯಕ್ಕೆ ಇದೇ ಸರಿ ಅನ್ಸುತ್ತೆ ನಂಗೆ.

ಎಣಿಸೋದೂ ಸುಲಭ ಅಲ್ಲ. ಫ್ರೆಂಚಲ್ಲಿ ಲಘು ಗುರು ಇಲ್ಲ ನಿಜ, ಆದ್ರೆ ಮಾತಲ್ಲಿ ನಾವು 'ಬರುತ್ತಾನೆ'ಯ 'ರು'ನಲ್ಲಿರೋ 'ಉ' ನುಂಗಿ 'ಬರ್ತಾನೆ' ಅಂತೀವಲ್ಲ, ಹಾಗೆ ಅವ್ರು ನುಂಗೋ ಒಂದು 'ಎ' ಇದೆ, ಪದ್ಯದಲ್ಲಿ ಮುಂದೆ ವ್ಯಂಜನ ಬಂದ್ರೆ ಅದು ಲೆಕ್ಕಕ್ಕೆ ಬರತ್ತೆ, ಸಾಲಿನ ತುದೀಲಿದ್ರೆ ಇಲ್ಲ. ಪಿಟೀಲಿಗೆ ಅವ್ರು ಹೇಳೋ 'ವಿಯೊಲೋಂ'ನ ಮಾತಲ್ಲಿ ಎರಡೇ ತುಂಡು ಮಾಡಿ ಮುಗಿಸ್ತಾರೆ, ಇಲ್ಲಿ ವಿ-ಯೊ-ಲೋಂ ಅಂತ ಮೂರು ಮಾಡಿ ಎಳೀಬೇಕು, ಇಲ್ದಿದ್ರೆ ಸಾಲು ನಾಲ್ಕಕ್ಕೆ ತುಂಬಲ್ಲ. ಪಿಟೀಲಲ್ವಾ, ಎಳೀಲಿ ಬಿಡಿ.

ನಂಗೆ ತುಂಬಾ ಹಿಡಿಸಿದ್ದು ಕೊನೇ ನುಡಿ. ಗಾಳಿ ಹೊತ್ಕೊಂಡು ಹೋದ ಕಡೆ ಹೋಗ್ತೀನಿ, ಒಣಗಿದ ಎಲೆ ಥರ, ಅಂತಾನೆ. ಎಲೆ ಅನ್ನೋ ಪದಕ್ಕೆ ಮುಂಚೆ ಇಂಗ್ಲಿಷಿನ 'ದಿ' ಥರ 'ಲಾ' ಅಂತ ಒಂದು ಚೂರು ಬರತ್ತೆ, ಅದನ್ನ ಪದದಿಂದ ಯಾರೂ ಬಿಡಿಸಲ್ಲ. ಈ ಪುಣ್ಯಾತ್ಮ ಐದನೇ ಸಾಲನ್ನ ಅಲ್ಲಿಗೇ ಮುರಿದು, ಹಿಂದಿನ ಸಾಲಿನ 'ದಲಾ' ಜೊತೆ ಪ್ರಾಸಾನೂ ಹೊಂದಿಸಿಬಿಟ್ಟಿದಾನೆ. ಲಾ... ಅಂತ ತೊಟ್ಟು ಮೇಲೆ, ಎಲೆ ಕೆಳಗಿನ ಸಾಲಲ್ಲಿ ಬಿದ್ದಿದೆ!

ಆ ಖುಷೀಲಿ ಮೂರೂ ನುಡಿ ಕೂಡಿಸಿ 'ಅರವತ್ತಾರು!' ಅಂತ ಜೋರಾಗಿ ಅಂದ್ಬಿಟ್ಟೆ.

'ಅರವತ್ತಾರು ಪ್ಯಾಕೆಟ್ಟಾ? ಯಾರ್ರೀ ಕುಡುದ್ರು ಅಷ್ಟೊಂದು?'