ಮೊದಲು ಭುಜ ನೋಡಿ

"ಈ ಕಾಲಕ್ಕೆ ರೆಡಿಮೇಡ್ ಸೂಟೇ ಸಾಕು, ಹೊಲಿಸೋದು ದುಡ್ಡು ದಂಡ" ಅಂತ ಸೂಟ್ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಅರ್ಧ ಮಾತ್ರ ಒಪ್ತೀನಿ. ಮೈಸೂರಿನ ದೇವರಾಜ ಅರಸು ರಸ್ತೇಲಿ ಒಂದು ಸಂಜೆ ಸುತ್ತಿದರೆ ಹಾಕಿ ನೋಡಿಯೇ ತಗೋಬಹುದು, ನಿಜ. ಆದರೆ ಬೆಲೆಗಿಂತ ಮೊದಲು ನೋಡಬೇಕಾದ್ದು ಭುಜ. ಅಲ್ಲಿನ ಹೊಲಿಗೆ ನಿಮ್ಮ ಭುಜದ ತುದಿಗೇ ಬಂದು ನಿಲ್ಲಬೇಕು. ತೋಳಿನ ಉದ್ದ, ಸೊಂಟದ ಸಡಿಲ, ಪ್ಯಾಂಟಿನ ಉದ್ದ ಇವನ್ನೆಲ್ಲ ಟೈಲರ್ ಸರಿಮಾಡಿಕೊಡ್ತಾರೆ. ಭುಜ ಸರಿಮಾಡಬೇಕು ಅಂದರೆ ತೋಳು, ಪ್ಯಾಡ್ ಎಲ್ಲ ಬಿಚ್ಚಬೇಕು, ಬಹಳ ಜನ ಕೈಹಾಕೋದೇ ಇಲ್ಲ.

ನಮ್ಮ ಚಿಕ್ಕಪ್ಪನ ಮಗನಿಗೆ ಎಡಭುಜ ಸ್ವಲ್ಪ ಇಳಿಜಾರು. ರಿಸೆಪ್ಶನ್‌ಗೆ ತಂದ ರೆಡಿಮೇಡ್ ಕೋಟು ಕತ್ತಿನ ಹಿಂದೆ ಅಂಗಿ ಕಾಲರ್ ಬಿಟ್ಟು ನಿಂತಿತ್ತು, ಕಂಕುಳ ಕೆಳಗೆ ಓರೆ ಸುಕ್ಕು. ಕೊನೆಗೆ ಹಳೇ ಟೈಲರೊಬ್ಬರ ಹತ್ತಿರ ಹೊಸದು ಹೊಲಿಸಿದ್ವಿ. ಕಚ್ಚಾ ಹೊಲಿಗೆ ಹಾಕಿ ಟ್ರಯಲ್ ನೋಡಿದವರು ಎಡಗಡೆ ಪ್ಯಾಡ್ ಒಂದಿಷ್ಟು ದಪ್ಪ ಮಾಡಿದರು, ಸುಕ್ಕು ಹೋಯ್ತು. ಅಂಥ ಮೈಕಟ್ಟಿನವರಿಗೆ ಹೊಲಿಸೋದು ದಂಡ ಹೇಗಾಗುತ್ತೆ ಹೇಳಿ?

ಕೋಟಿನ ಎದೆಗೆ ಆಕಾರ ಕೊಡೋ ಒಳಪದರ, ಅಂದರೆ ಕ್ಯಾನ್ವಾಸ್ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲ, ಅದು ಬೇಜಾರಾಯ್ತು. ಕಡಿಮೆ ಬೆಲೆಯ ಕೋಟುಗಳಲ್ಲಿ ಒಳಪದರವನ್ನ ಹೊಲಿಯದೆ ಅಂಟಿಸಿರ್ತಾರೆ, ಡ್ರೈಕ್ಲೀನ್ ಆಗ್ತಾ ಆಗ್ತಾ ಎದೆ ಭಾಗದಲ್ಲಿ ಗುಳ್ಳೆ ಏಳಬಹುದು. ಗುಂಡಿ ಹತ್ತಿರ ಬಟ್ಟೆಯ ಎರಡೂ ಪದರ ಚಿವುಟಿ ಮೆಲ್ಲಗೆ ಎಳೀರಿ. ನಡುವೆ ಮೂರನೇ ಪದರವೊಂದು ಬೇರೆಯಾಗಿ ಜಾರಿದರೆ ಅದು ಹೊಲಿದ ಕ್ಯಾನ್ವಾಸ್.

ಹೊಲಿಸೋರು ಮದುವೆ ಸೀಸನ್‌ಗೆ ಒಂದೂವರೆ ತಿಂಗಳು ಮುಂಚೆಯಾದರೂ ಬಟ್ಟೆ ಕೊಡಿ. ಮೇ ತಿಂಗಳ ಸೆಕೆಯಲ್ಲಿ ಮಂಡ್ಯದ ಛತ್ರದಲ್ಲಿ ನಿಲ್ಲೋರು ಅರ್ಧ ಲೈನಿಂಗ್ (ಒಳಗಿನ ಅಸ್ತರು ಅರ್ಧ ಭಾಗಕ್ಕೆ ಮಾತ್ರ) ಸಾಕು ಅಂತ ಅಳತೆ ಕೊಡುವಾಗಲೇ ಹೇಳಿಬಿಡಿ.