ಬಿದ್ದ ಅಜ್ಜ, ನಾನ್‌ಜಿಂಗ್ ಕೇಸು ಮತ್ತು ನಮ್ಮವರ ಚೀನಾ ಪಾಂಡಿತ್ಯ

ನಿನ್ನೆ ರಾತ್ರಿ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿ ತಲೆ ಕೆಡಿಸಿಕೊಂಡು ಬಂದೆ. ಬರೆದು ಮುಗಿಸದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ಉದ್ದ ಇದೆ, ಬೇಜಾರಾದರೆ ಲೈಕ್ ಒತ್ತಿ ಮುಂದೆ ಹೋಗಿ, ನಾನೂ ನಿಮ್ಮ ಪೋಸ್ಟ್‌ಗಳಿಗೆ ಅದನ್ನೇ ಮಾಡುವುದು.

ಶಾಂಘೈನಲ್ಲಿ ಹೊರದೇಶದವರು ಸೇರಿದರೆ ಮಾತು ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಇಲ್ಲಿ ಇದ್ದು ಹೋದವರಿಗೆ ಗೊತ್ತು. ಮೊದಲು ಮಕ್ಕಳ ಶಾಲೆ ಫೀಸು. ಆಮೇಲೆ ಇಲ್ಲಿ ಬಂದ್ ಆಗಿರುವ ಸೈಟು ತೆರೆಯಲು ಬೇಕಾದ ವಿಪಿಎನ್ ಆ್ಯಪುಗಳಲ್ಲಿ ಯಾವುದು ಓಡುತ್ತಿದೆ. ಆಮೇಲೆ ವೀಸಾ. ಇಷ್ಟು ಮುಗಿದ ಮೇಲೆ ಮುಖ್ಯ ಐಟಂ: ಚೀನಾದವರು ಯಾಕೆ ಹೀಗೆ.

ನಿನ್ನೆ ಒಬ್ಬರು ಫೋನ್ ತೆಗೆದು ವಿಡಿಯೊ ತೋರಿಸಿದರು. ಯಾವುದೋ ಮೆಟ್ರೊ ಸ್ಟೇಷನ್ನು. ಅಜ್ಜ ಒಬ್ಬ ಮೆಟ್ಟಿಲ ಹತ್ತಿರ ಬಿದ್ದಿದ್ದಾನೆ, ಜನ ಪಕ್ಕದಲ್ಲಿ ದಾಟಿಕೊಂಡು ಹೋಗುತ್ತಿದ್ದಾರೆ. ಅರ್ಧ ನಿಮಿಷವೂ ಇಲ್ಲ. ಯಾವ ಊರು? ಗೊತ್ತಿಲ್ಲ. ಯಾವ ವರ್ಷ? ಗೊತ್ತಿಲ್ಲ. ಅಜ್ಜನಿಗೆ ಆಮೇಲೆ ಏನಾಯಿತು? ಅದು ಯಾರಿಗೆ ಬೇಕು! ಮೇಜಿನ ಸುತ್ತ ಇದ್ದ ಜರ್ಮನಿಯವರು, ಬ್ರೆಜಿಲ್‌ನವರು, ಪುಣೆಯ ಗಂಡ ಹೆಂಡತಿ, ಮೈಸೂರು ಕಡೆಯ ನಮ್ಮವರಿಬ್ಬರು, ಎಲ್ಲರೂ ಒಟ್ಟಿಗೆ ತಲೆ ಆಡಿಸಿದರು. ‘ಇಲ್ಲಿ ಬಿದ್ದವರನ್ನು ಯಾರೂ ಎತ್ತುವುದಿಲ್ಲ, ಎತ್ತಿದರೆ ನಿನ್ನ ಮೇಲೇ ಕೇಸು ಹಾಕುತ್ತಾರೆ.’ ಸರಿ, ಶುರುವಾಯಿತು ನಾನ್‌ಜಿಂಗ್ ಕಥೆ. ನಾನು ಈ ದೇಶಕ್ಕೆ ಬಂದ ದಿನದಿಂದ ಕೇಳುತ್ತಿರುವ ಕಥೆ. ಹೇಳುವವರು ಬದಲಾಗುತ್ತಾರೆ, ಕಥೆ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ.

ಪೂರ್ತಿ ಹೇಳುತ್ತೇನೆ ಕೇಳಿ. 2006ರ ನವೆಂಬರ್. ನಾನ್‌ಜಿಂಗ್‌ನ ಒಂದು ಬಸ್ ಸ್ಟಾಪು. ಒಬ್ಬ ವಯಸ್ಸಾದ ಹೆಂಗಸು ಬಿದ್ದು ಮೂಳೆ ಮುರಿದುಕೊಂಡರು. ಪೆಂಗ್ ಯು ಅನ್ನುವ ಯುವಕ ಎತ್ತಿದ, ಆಸ್ಪತ್ರೆಗೆ ಜೊತೆಗೆ ಹೋದ, 200 ಯುವಾನ್ ಕೊಟ್ಟ. ಆಮೇಲೆ ಆಕೆ, ಇವನೇ ಗುದ್ದಿದ್ದು ಅಂತ ಕೇಸು ಹಾಕಿದರು. 2007ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಅವನಿಗೆ 45 ಸಾವಿರಕ್ಕೂ ಹೆಚ್ಚು ಯುವಾನ್ ಕಟ್ಟು ಅಂತು. ನ್ಯಾಯಾಧೀಶರ ತರ್ಕ ಹೆಚ್ಚೂಕಡಿಮೆ ಹೀಗಿತ್ತು: ನೀನು ಗುದ್ದಿರದಿದ್ದರೆ ಅಷ್ಟೆಲ್ಲ ಯಾಕೆ ಮಾಡುತ್ತಿದ್ದೆ? ಇಡೀ ಚೀನಾ ರೊಚ್ಚಿಗೆದ್ದಿತು. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಇಲ್ಲಿಂದ ಮುಂದೆ ಯಾರೂ ಹೇಳುವುದಿಲ್ಲ. ಅಪೀಲಿನ ಹಂತದಲ್ಲಿ ಎರಡೂ ಕಡೆಯವರು ಗುಟ್ಟಾಗಿ ರಾಜಿ ಮಾಡಿಕೊಂಡರು. 2012ರ ಜನವರಿಯಲ್ಲಿ ನಾನ್‌ಜಿಂಗ್‌ನ ಅಧಿಕಾರಿಯೊಬ್ಬರು, ಡಿಕ್ಕಿ ಆಗಿದ್ದು ನಿಜ ಅಂತ ಪೆಂಗ್ ಯು ಒಪ್ಪಿಕೊಂಡಿದ್ದಾನೆ ಅಂತ ಹೊರಗೆ ಹೇಳಿದರು. ಅಷ್ಟು ಹೊತ್ತಿಗೆ ಆಗಬೇಕಾದ ಅನಾಹುತ ಆಗಿಹೋಗಿತ್ತು. ಅವನು ಗುದ್ದಿದ್ದರೂ ಗುದ್ದಿಲ್ಲದಿದ್ದರೂ ಆ ತೀರ್ಪಿನ ತರ್ಕ ತರ್ಕವೇ ಅಲ್ಲ, ಸಹಾಯ ಮಾಡಿದ್ದೇ ತಪ್ಪಿಗೆ ಸಾಕ್ಷಿ ಅಂದರೆ ಯಾರು ಕೈ ಹಾಕುತ್ತಾರೆ ಹೇಳಿ.

ನಂತರ 2011ರ ಅಕ್ಟೋಬರ್, ಫೋಶಾನ್. ಎರಡು ವರ್ಷದ ಹೆಣ್ಣುಮಗುವಿನ ಮೇಲೆ ವ್ಯಾನ್ ಹರಿಯಿತು. ಆಮೇಲೆ ಇನ್ನೊಂದು ಗಾಡಿ. ಹದಿನೆಂಟು ಜನ ಪಕ್ಕದಲ್ಲೇ ಹೋದರು. ಕೊನೆಗೆ ಎತ್ತಿದ್ದು ಚಿಂದಿ ಆಯುವ ಒಬ್ಬ ಹೆಂಗಸು. ಮಗು ಉಳಿಯಲಿಲ್ಲ. ಇದನ್ನೂ ನಿನ್ನೆ ಯಾರೋ ಹೇಳಿದರು, ಹದಿನೆಂಟು ಅನ್ನುವ ಲೆಕ್ಕ ಅವರಿಗೆ ಚೆನ್ನಾಗಿ ನೆನಪಿತ್ತು. ಹತ್ತೊಂಬತ್ತನೆಯವಳು ನೆನಪಿರಲಿಲ್ಲ. ಆ ಹೆಂಗಸು ಚೀನಾದವಳಲ್ಲವೇ?

ನನಗೆ ಉರಿಯುವುದು ಇಲ್ಲೇ. ಈ ಎರಡು ಘಟನೆಗಳ ಬಗ್ಗೆ ಜಗತ್ತಿನಲ್ಲಿ ಯಾರಾದರೂ ಅತಿ ಜಾಸ್ತಿ ಜಗಳ ಆಡಿದ್ದರೆ, ನಾಚಿಕೆಪಟ್ಟಿದ್ದರೆ, ಅದು ಚೀನಾದವರೇ. ಪೇಪರಿನಲ್ಲಿ ಬರೆದುಕೊಂಡರು, ಇಲ್ಲಿನ ಟ್ವಿಟರ್ ಥರದ ವೈಬೋದಲ್ಲಿ ಬೈದುಕೊಂಡರು. 2014ರ ಚೀನೀ ಹೊಸವರ್ಷದ ಹಬ್ಬದ ರಾತ್ರಿ ಇಡೀ ದೇಶ ನೋಡುವ ಟಿವಿ ಕಾರ್ಯಕ್ರಮದಲ್ಲಿ ಬಿದ್ದ ಅಜ್ಜಿಯನ್ನು ಎತ್ತಬೇಕೋ ಬೇಡವೋ ಅಂತ ಒಂದು ನಗೆ ಪ್ರಹಸನವೇ ಬಂತು, ಈಗಲೂ ಆಫೀಸಿನಲ್ಲಿ ಅದರ ಡೈಲಾಗು ಹೊಡೆಯುತ್ತಾರೆ. ಶೆನ್‌ಜೆನ್ ನಗರ 2013ರಲ್ಲೇ ಸಹಾಯ ಮಾಡಿದವರನ್ನು ಕಾಪಾಡಲು ನಿಯಮ ತಂದಿತು. 2017ರ ಅಕ್ಟೋಬರ್ 1ರಿಂದ ಇಡೀ ದೇಶಕ್ಕೆ ಕಾನೂನು ಬಂತು: ತುರ್ತಿನಲ್ಲಿ ತಾನಾಗಿ ನೆರವಿಗೆ ಹೋದವನು, ಆ ನೆರವಿನಿಂದ ಏನಾದರೂ ಹಾನಿಯಾದರೆ ಹೊಣೆಗಾರನಲ್ಲ. ಈಗ ಅದು ಅವರ ಸಿವಿಲ್ ಕೋಡ್‌ನ 184ನೆಯ ವಿಧಿ. ಇದನ್ನೆಲ್ಲ ನಾನು ಓದಿ ತಿಳಿದದ್ದು ಆಮೇಲೆ. ಮೊದಲು ಹೇಳಿದ್ದು ನಮ್ಮ ಆಫೀಸಿನ ಸಹೋದ್ಯೋಗಿ, ಅವಳ ಊರೇ ನಾನ್‌ಜಿಂಗ್. ಮಧ್ಯಾಹ್ನ ನೂಡಲ್ಸ್ ತಿನ್ನುತ್ತಾ ಸುಮ್ನೆ ಒಂದು ಪ್ರಶ್ನೆ ಕೇಳಿದ್ದಕ್ಕೆ ಊಟದ ಸಮಯವೆಲ್ಲ ಮುಗಿಯಿತು. ಅವಳಮ್ಮ ಆ ತೀರ್ಪು ಬಂದಾಗ ಮಗಳಿಗೆ, ದಾರಿಯಲ್ಲಿ ಯಾರಾದರೂ ಬಿದ್ದರೆ ಮೊದಲು ಫೋನಿನಲ್ಲಿ ವಿಡಿಯೊ ಮಾಡಿಕೋ, ಆಮೇಲೆ ಎತ್ತು ಅಂದಿದ್ದರಂತೆ. ಅಪ್ಪ ಅದಕ್ಕೆ ಅಮ್ಮನ ಜೊತೆ ಜಗಳ ಆಡಿದ್ದರಂತೆ. ಒಂದೇ ಮನೆಯಲ್ಲಿ ಎರಡು ಪಕ್ಷ. ನಮ್ಮ ಊಟದ ಮೇಜಿನಲ್ಲಿ ಮಾತ್ರ ನೂರ ನಲವತ್ತು ಕೋಟಿ ಜನಕ್ಕೆ ಒಂದೇ ಬುದ್ಧಿ.

ಮೈಸೂರಿನವರ ಕಡೆ ತಿರುಗಿ ನಾನು ಕೊಪ್ಪಳ ನೆನಪಿದೆಯಾ ಅಂದೆ. 2017ರ ಫೆಬ್ರುವರಿ. ಸೈಕಲ್‌ನಲ್ಲಿದ್ದ ಹದಿನೆಂಟು ವರ್ಷದ ಹುಡುಗನ ಮೇಲೆ ಬಸ್ ಹರಿಯಿತು. ರಕ್ತದಲ್ಲಿ ಬಿದ್ದು ಕಾಪಾಡಿ ಅನ್ನುತ್ತಿದ್ದ. ಜನ ಸುತ್ತ ನಿಂತು ಫೋಟೊ ತೆಗೆದರು, ವಿಡಿಯೊ ಮಾಡಿದರು. ಹುಡುಗ ಸತ್ತ. ಆಗ ಯಾರಾದರೂ ‘ಕನ್ನಡಿಗರೇ ಹೀಗೆ’ ಅಂದರಾ? ಅಂದಿದ್ದರೆ ನೀವು ಸುಮ್ಮನಿರುತ್ತಿದ್ದಿರಾ? ಆಗ ನಾವು ಏನಂದೆವು? ಪೊಲೀಸು, ಕೋರ್ಟು ಅಂತ ಅಲೆಸುತ್ತಾರೆ, ಅದಕ್ಕೇ ಜನ ಹೆದರುತ್ತಾರೆ ಅಂದೆವು. ನಿಜ ತಾನೇ? ನಮ್ಮಲ್ಲೂ ಆ ಹೆದರಿಕೆ ಕಳೆಯಲು 2016ರಲ್ಲಿ ಸುಪ್ರೀಂ ಕೋರ್ಟು ಸಹಾಯ ಮಾಡಿದವರನ್ನು ಕಾಪಾಡುವ ಮಾರ್ಗಸೂಚಿ ಒಪ್ಪಬೇಕಾಯಿತು, ಕರ್ನಾಟಕ ತನ್ನದೇ ಕಾನೂನು ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಎರಡೂ ಕಡೆ ಅದೇ ಭಯ, ಅದೇ ಮದ್ದು, ವರ್ಷಗಳೂ ಹತ್ತಿರಹತ್ತಿರ. ಆದರೆ ಕೊಪ್ಪಳದಲ್ಲಿ ಆದರೆ ಅದು ವ್ಯವಸ್ಥೆಯ ತಪ್ಪು. ಫೋಶಾನ್‌ನಲ್ಲಿ ಆದರೆ ಅದು ಅವರ ರಕ್ತದ ಗುಣ.

ಅವರು ಉತ್ತರ ಕೊಡಲಿಲ್ಲ. ಚಪಾತಿ ಬೇಕಾ ಅಂದರು.

ಇದೊಂದೇ ಸುದ್ದಿಯಾಗಿದ್ದರೆ ಬಿಡಬಹುದಿತ್ತು. ಎಲ್ಲದಕ್ಕೂ ಇದೇ ಯಂತ್ರ. ಸುದ್ದಿಯನ್ನು ಮೇಲೆ ಹಾಕಿದರೆ ಕೆಳಗೆ ಒಂದೇ ಬಗೆಯ ಹಿಟ್ಟು ಬೀಳುತ್ತದೆ. ಸಾಲ ತೀರಿಸು ಅಂತ ಕೋರ್ಟು ಹೇಳಿದರೂ ತೀರಿಸದವರಿಗೆ ಇಲ್ಲಿ ವಿಮಾನದ, ಹೈಸ್ಪೀಡ್ ರೈಲಿನ ಟಿಕೆಟ್ ಸಿಗುವುದಿಲ್ಲ. ಅದು ಊಟದ ಮೇಜಿಗೆ ಬರುವಷ್ಟರಲ್ಲಿ ಪ್ರತಿ ಮನುಷ್ಯನಿಗೂ ಸರ್ಕಾರ ಅಂಕ ಕೊಡುತ್ತದೆ, ಸಿಗ್ನಲ್ ದಾಟಿದರೆ ಅಂಕ ಕಟ್ ಅಂತ ಆಗಿರುತ್ತದೆ. ಹಾಗೆ ದೇಶಕ್ಕೆಲ್ಲ ಒಂದು ಅಂಕಪಟ್ಟಿ ಇಲ್ಲ ಮಾರಾಯರೇ. ನಿಮ್ಮ ಆಫೀಸಿನಲ್ಲೇ ನಿಮ್ಮ ಪಕ್ಕ ಕೂರುವವನನ್ನು ನಿನ್ನ ಅಂಕ ಎಷ್ಟು ಅಂತ ಕೇಳಿ ನೋಡಿ, ಯಾವ ಅಂಕ ಅಂತ ಅವನೇ ನಿಮ್ಮನ್ನು ಕೇಳುತ್ತಾನೆ. 2019ರ ಜುಲೈನಲ್ಲಿ ಶಾಂಘೈನಲ್ಲಿ ಕಸ ಬೇರ್ಪಡಿಸುವ ನಿಯಮ ಬಂದಾಗಲೂ ಹೀಗೇ. ಹೊರದೇಶದವರೆಲ್ಲ ‘ಇವರು ಹೇಳಿದ್ದು ಕೇಳುವ ಜನ, ಮಾಡಿಬಿಡುತ್ತಾರೆ’ ಅಂದರು. ಆದರೆ ಊರವರು ಕಸದ ಡಬ್ಬಿ ಮುಂದೆ ನಿಂತು ಕಾವಲಿನ ಆಂಟಿಯರ ಜೊತೆ ಕಿತ್ತಾಡುತ್ತಿದ್ದರು, ಹಂದಿ ತಿನ್ನುವುದು ಹಸಿ ಕಸ, ಹಂದಿಯೂ ಮೂಸದಿರುವುದು ಒಣ ಕಸ ಅಂತ ಜೋಕು ಮಾಡಿ ಹಂಚುತ್ತಿದ್ದರು.

ಹೇಳಿದ್ದು ಕೇಳುವ ಜನ! ಈ ಮಾತು ಕೇಳಿದರೆ ನನಗೆ 2022ರ ಏಪ್ರಿಲ್ ನೆನಪಾಗುತ್ತದೆ. ಇದನ್ನು ನಾನು ಇಲ್ಲಿ ಹೆಚ್ಚು ಬರೆದಿಲ್ಲ, ಅಮ್ಮ ಈ ಪೇಜ್ ಓದುತ್ತಾರೆ ಅಂತ. ಈಗ ಬರೆಯುತ್ತೇನೆ. ಲಾಕ್‌ಡೌನ್‌ನಲ್ಲಿ ಏಪ್ರಿಲ್, ಮೇ ಎರಡೂ ತಿಂಗಳು ಬಾಗಿಲು ಮುಚ್ಚಿತ್ತು. ಫ್ರಿಜ್‌ನಲ್ಲಿ ಎಲೆಕೋಸು ಬಿಟ್ಟರೆ ಏನೂ ಇಲ್ಲದ ದಿನಗಳಿದ್ದವು, ಒಂದು ರಾತ್ರಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಿದ್ದೇನೆ. ನನಗೆ ಊಟ ಹಾಕಿದ್ದು ಐದನೇ ಮಹಡಿಯ ಒಬ್ಬ ಹುಡುಗಿ. ಇಡೀ ಕಟ್ಟಡಕ್ಕೆ ಒಟ್ಟಿಗೆ ಸಾಮಾನು ತರಿಸುವ ಕೆಲಸವನ್ನು ತಾನೇ ಮೈಮೇಲೆ ಹಾಕಿಕೊಂಡಳು. ಇಲ್ಲಿ ಅವರನ್ನು ತುವಾನ್‌ಚಾಂಗ್ ಅನ್ನುತ್ತಾರೆ, ಗುಂಪಿನ ನಾಯಕಿ ಅಂತ. ಹಾಲು, ಮೊಟ್ಟೆ, ನನಗೋಸ್ಕರ ಮಾಂಸ ಇಲ್ಲದ ಒಂದು ಚೀಲ. ಕಟ್ಟಡದ ವೀಚಾಟ್ (ಇಲ್ಲಿನ ವಾಟ್ಸ್ಆ್ಯಪ್) ಗ್ರೂಪಿನಲ್ಲಿ ಬಡಾವಣೆ ಸಮಿತಿಯವರಿಗೆ ಆ ಜನ ಕೊಟ್ಟ ಬೈಗುಳ ನೋಡಬೇಕಿತ್ತು. ಊರಿನ ಎಷ್ಟೋ ಕಡೆ ರಾತ್ರಿ ಬಾಲ್ಕನಿಗಳಲ್ಲಿ ಪಾತ್ರೆ ಬಡಿದರು, ನಮ್ಮ ಬೀದಿಯಲ್ಲೂ ಬಡಿದರು. ಕುರಿಗಳಂತೆ ಸುಮ್ಮನಿದ್ದರು ಅಂತ ಈಗ ಹೇಳುವವರಲ್ಲಿ ಎಷ್ಟೋ ಜನ ಅಂದು ಆ ಗ್ರೂಪಿನ ನೋಟಿಫಿಕೇಶನ್ ಮ್ಯೂಟ್ ಮಾಡಿಕೊಂಡಿದ್ದವರು. ಭಾಷೆ ಬರುವುದಿಲ್ಲವಲ್ಲ.

ಹೌದು, ಇನ್ನೊಂದು ವಾದ ಇದೆ, ನಿನ್ನೆ ಜರ್ಮನಿಯವರು ಎತ್ತಿದ್ದು ಅದನ್ನೇ. ಇಲ್ಲಿ ಸುದ್ದಿ ಸೋಸಿ ಬರುತ್ತದೆ, ಜನ ಹೊರಗಿನವರ ಜೊತೆ ಬಾಯಿ ಬಿಡುವುದಿಲ್ಲ, ನಾವೇನು ಮಾಡುವುದು? ಮೊದಲ ಭಾಗ ಒಪ್ಪುತ್ತೇನೆ. ನಾನು ಈ ಪೋಸ್ಟ್ ಹಾಕುತ್ತಿರುವ ಫೇಸ್‌ಬುಕ್ಕೇ ಇಲ್ಲಿ 2009ರಿಂದ ಬಂದ್. 2023ರ ಜೂನ್‌ನಲ್ಲಿ ಯುವಕರ ನಿರುದ್ಯೋಗ ಶೇಕಡಾ 21.3 ಅಂತ ಬಂತು. ಆಗಸ್ಟ್‌ನಲ್ಲಿ ಆ ಅಂಕಿಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿದರು, ಮುಂದೆ ಲೆಕ್ಕದ ವಿಧಾನ ಬದಲಿಸಿ ಮತ್ತೆ ಶುರುಮಾಡಿದರು. ಸೋಸುತ್ತಾರೆ, ಸುಳ್ಳಲ್ಲ. ಆದರೆ ಅಂಕಿ ನಿಲ್ಲಿಸಿದ ಸುದ್ದಿಯನ್ನು ನನಗೆ ಹೇಳಿ ನಕ್ಕಿದ್ದು ಯಾರು? ಡಿಗ್ರಿ ಮಾಡಿದ ಮಗ ಮನೆಯಲ್ಲಿ ಕೂತಿದ್ದಾನೆ ಅನ್ನುವ ಟ್ಯಾಕ್ಸಿ ಡ್ರೈವರ್. ಬಾಯಿ ಬಿಡುವುದಿಲ್ಲವಂತೆ! ಟ್ಯಾಕ್ಸಿ ಹತ್ತಿ ಕಿವಿಗೆ ಇಯರ್‌ಫೋನ್ ಚುಚ್ಚಿಕೊಂಡರೆ ಯಾರು ತಾನೇ ಬಾಯಿ ಬಿಡುತ್ತಾರೆ. 2020ರ ಜನಗಣತಿಯಲ್ಲಿ ಈ ದೇಶದಲ್ಲಿದ್ದ ವಿದೇಶಿಯರು ಎಂಟೂವರೆ ಲಕ್ಷಕ್ಕೂ ಕಡಿಮೆ, ಶಾಂಘೈ ಒಂದರ ಜನಸಂಖ್ಯೆಯೇ ಎರಡೂವರೆ ಕೋಟಿಯ ಹತ್ತಿರ. ಮಾತಾಡಿಸಲು ಜನ ಸಿಗಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಈಗ ನಮ್ಮವರ ವಿಷಯ. ಜರ್ಮನಿಯವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರು ಇನ್ನೆರಡು ವರ್ಷದಲ್ಲಿ ಇನ್ನೆಲ್ಲಿಗೋ ಹೋಗುತ್ತಾರೆ. ಮೈಸೂರಿನವರು ಇಲ್ಲಿ ಮನೆ ಮಾಡಿ ಎಷ್ಟೋ ವರ್ಷವಾಯಿತು. ಚೀನೀ ಭಾಷೆಯಲ್ಲಿ ಎಡಕ್ಕೆ, ಬಲಕ್ಕೆ, ಬೇಡ, ಬಿಲ್ಲು ಇಷ್ಟು ಬರುತ್ತದೆ. ಇದೇ ಪುಣ್ಯಾತ್ಮರು ಹೋದ ತಿಂಗಳು ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಇದ್ದೂ ಕನ್ನಡ ಕಲಿಯದವರ ಬಗ್ಗೆ ಮೂರು ಕಂತಿನಲ್ಲಿ ಪೋಸ್ಟ್ ಹಾಕಿದ್ದರು. ನಾನೂ ಹೃದಯ ಒತ್ತಿದ್ದೆ. ಒತ್ತಿದ್ದು ಸರಿಯೇ, ಆ ಪೋಸ್ಟ್‌ನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅದನ್ನೇ ಶಾಂಘೈ ಅಂತ ತಿದ್ದಿ ಕನ್ನಡಿ ಮುಂದೆ ನಿಂತು ಓದಿಕೊಳ್ಳಿ ಅಷ್ಟೇ.

ಅವರಿಗೆ ಗೊತ್ತಿಲ್ಲದ ತಮಾಷೆ ಇನ್ನೊಂದಿದೆ. ಶಾಂಘೈಗೆ ತನ್ನದೇ ಭಾಷೆ ಇದೆ, ಬೀಜಿಂಗ್ ಕಡೆಯವರಿಗೆ ಅದು ಅರ್ಥವಾಗುವುದಿಲ್ಲ. ನಮ್ಮ ಕೆಳಗಿನ ಮನೆಯ ಆಂಟಿ ಹಳೇ ಶಾಂಘೈಯವರು. ಹೊರಗಿನಿಂದ ಬಂದವರು ನಮ್ಮ ಮಾತು ಕಲಿಯುವುದಿಲ್ಲ, ಶಾಲೆಯಲ್ಲಿ ಬರೀ ಮ್ಯಾಂಡರಿನ್, ನನ್ನ ಮೊಮ್ಮಗ ನಾನು ಶಾಂಘೈ ಮಾತಿನಲ್ಲಿ ಕೇಳಿದರೆ ಮ್ಯಾಂಡರಿನ್‌ನಲ್ಲಿ ಉತ್ತರ ಕೊಡುತ್ತಾನೆ, ಮಾರ್ಕೆಟ್ಟಿಗೆ ಹೋದರೆ ನಾನೇ ಪರಊರಿನವಳು ಅನಿಸುತ್ತದೆ ಅಂತ ಲಿಫ್ಟಿನ ಮುಂದೆ ನಿಲ್ಲಿಸಿಕೊಂಡು ಗೋಳು ಹೇಳುತ್ತಾರೆ. ಜಯನಗರದ ನಮ್ಮತ್ತೆ ಇದನ್ನು ಕೇಳಿದ್ದರೆ ಇಬ್ಬರೂ ಸೇರಿ ಒಂದು ಸಂಘ ಕಟ್ಟುತ್ತಿದ್ದರು. ಚೀನಾ ಅಂದರೆ ಒಂದೇ ಭಾಷೆ, ಒಂದೇ ಅಚ್ಚು ಅಂತ ನಿನ್ನೆ ಭಾಷಣ ಕೊಟ್ಟವರು ಇದೇ ಆಂಟಿಯ ಪಕ್ಕದ ಬ್ಲಾಕಿನಲ್ಲೇ ಇರುವುದು.

ಅವರು ನಮ್ಮ ಬಗ್ಗೆ ಹೀಗೇ ಮಾತಾಡುವುದಿಲ್ಲವಾ ಅಂತ ಪುಣೆಯವರು ಕೇಳಿದರು. ಮಾತಾಡುತ್ತಾರೆ ಸ್ವಾಮಿ, ಧಾರಾಳವಾಗಿ. 2025ರ ಅಕ್ಟೋಬರ್‌ನಲ್ಲಿ ವಿಜ್ಞಾನ, ತಂತ್ರಜ್ಞಾನ ಓದಿದ ಯುವಕರಿಗೆ ಅಂತ ಕೆ ವೀಸಾ ಬಂದಾಗ ಇಲ್ಲಿನ ಇಂಟರ್ನೆಟ್ಟಿನಲ್ಲಿ ಭಾರತದವರ ಬಗ್ಗೆ ಏನೇನು ಬರೆದರು ಅಂತ ನಾನು ಓದಿದ್ದೇನೆ. ಭಾರತದವರ ಡಿಗ್ರಿಯೆಲ್ಲ ನಕಲಿ, ಒಬ್ಬ ಬಂದರೆ ಊರೇ ಬರುತ್ತದೆ, ಇತ್ಯಾದಿ. ಎರಡು ದಿನ ಆಫೀಸಿನಲ್ಲಿ ಯಾರ ಮುಖವನ್ನೂ ನೋಡಲು ಮನಸ್ಸಾಗಲಿಲ್ಲ. ಅದನ್ನು ಬರೆದವರು ಭಾರತ ನೋಡಿದ್ದು ಫೋನಿನಲ್ಲಿ ಬರುವ ಬೀದಿ ತಿಂಡಿ ವಿಡಿಯೊಗಳಲ್ಲಿ. ನಾವು ಅವರ ನಡುವೆಯೇ ಇದ್ದೂ ಅವರನ್ನು ನೋಡುವುದು ಫೋನಿನಲ್ಲೇ. ಅವರಿಗಾದರೂ ಒಂದು ನೆಪ ಇದೆ.

ಈಗ ಕಾಮೆಂಟಿಗೆ ಬಂದು ‘ಚೀನಾ ಏಜೆಂಟ್’ ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗಲ್ವಾನ್ ನನಗೂ ನೆನಪಿದೆ, ಆ ವಾರ ಇಲ್ಲಿ ಕೂತು ಸುದ್ದಿ ಓದುವುದು ಹೇಗಿತ್ತು ಅಂತ ನಿಮಗೆ ಗೊತ್ತಿಲ್ಲ. ಸರ್ಕಾರದ ಬಗ್ಗೆ ಜಗಳ ಇದ್ದರೆ ಆಡಿ, ನಾನೂ ಸೇರುತ್ತೇನೆ. ಐದನೇ ಮಹಡಿಯ ಹುಡುಗಿಯ ತಂಟೆಗೆ ಬಂದರೆ ಮಾತ್ರ ಬ್ಲಾಕ್. ಮೈಸೂರಿನವರೇ, ಇದನ್ನು ನೀವೂ ಓದುತ್ತೀರಿ ಅಂತ ಗೊತ್ತು. ಕೆಳಗಿನ ಮನೆ ಆಂಟಿ ಪ್ರತಿ ಸಂಜೆ ಏಳಕ್ಕೆ ಗೇಟಿನ ಹತ್ತಿರ ಡ್ಯಾನ್ಸ್ ಮಾಡಲು ಬರುತ್ತಾರೆ, ಸ್ಪೀಕರ್ ಜೋರು ಅಂತ ನೀವು ಬೈಯುವ ಗುಂಪು ಅದೇ. ನಿಮ್ಮನ್ನು ಪರಿಚಯ ಮಾಡಿಕೊಡಲೇ?